ಬೆಟ್ಟ ಹತ್ತುವ ಬೈಸಿಕಲ್ಲಿನ ನಡುವಣ ಅಚ್ಚು

ಬೈಸಿಕಲ್ಲನ್ನು ಕೊಳ್ಳಹೋದವರು ಸಾಮಾನ್ಯವಾಗಿ ಚಕ್ರಗಳನ್ನು ತಿರುಗಿಸಿ ನೋಡುತ್ತಾರೆ, ಬ್ರೇಕನ್ನು ಹಿಡಿದು ನೋಡುತ್ತಾರೆ, ಸೀಟಿನ ಮೆತ್ತೆಯನ್ನು ಒತ್ತಿ ನೋಡುತ್ತಾರೆ. ಬಣ್ಣವನ್ನಂತೂ ಎಲ್ಲಕ್ಕಿಂತ ಮೊದಲು ನೋಡುತ್ತಾರೆ. ಎರಡು ಪೆಡಲುಗಳ ನಡುವೆ, ಚೌಕಟ್ಟಿನ ಅತ್ಯಂತ ಕೆಳಗಡೆ, ನಾಲ್ಕು ಬೆರಳಿನ ಅಗಲದ ಒಂದು ಗೂಡಿನೊಳಗೆ ಅಡಗಿರುವ ಅಚ್ಚನ್ನು ಮಾತ್ರ ಯಾರೂ ನೋಡುವುದಿಲ್ಲ. ನೋಡೋಣವೆಂದರೆ ಅದು ಕಾಣಿಸುವುದೂ ಇಲ್ಲ. ಸವಾರನ ಕಾಲಿನ ಬಲವೆಲ್ಲ ಚಕ್ರಕ್ಕೆ ಹೋಗತಕ್ಕದ್ದು ಈ ಅಚ್ಚಿನ ಮೂಲಕವೇ. ಅಚ್ಚು, ಅದನ್ನು ಹೊತ್ತ ಗುಂಡುಗಳು, ಗುಂಡುಗಳನ್ನು ಹಿಡಿದ ಬಟ್ಟಲುಗಳು, ಇವೆಲ್ಲವೂ ಸೇರಿ ಇಂಗ್ಲಿಷಿನಲ್ಲಿ ಬಾಟಮ್ ಬ್ರಾಕೆಟ್ ಎನ್ನಿಸಿಕೊಳ್ಳುತ್ತವೆ. ನಮ್ಮ ಸೈಕಲ್ ಷಾಪುಗಳಲ್ಲಿ ಅಷ್ಟುದ್ದ ಹೇಳಲು ಪುರಸೊತ್ತಿಲ್ಲದೆ ಬಿ.ಬಿ. ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಇದು ಗೃಹಸ್ಥರ ಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವು ವಾಚಕರಿಗೆ ಅನ್ನಿಸಬಹುದು. ಆದರೆ ಈಗ ಮನೆಯ ಮಕ್ಕಳು ಕೇಳುವುದು ಹಿಂದಿನ ಕಾಲದ ಕಪ್ಪು ಬೈಸಿಕಲ್ಲನ್ನಲ್ಲ. ದಪ್ಪ ಟೈರಿನ, ಗೇರುಗಳುಳ್ಳ, ಬೆಟ್ಟಗುಡ್ಡಗಳ ಮೇಲೆ ಓಡಿಸತಕ್ಕ ಮೌಂಟನ್ ಬೈಕನ್ನು. ಅದರ ಬೆಲೆ ಹತ್ತು ಹದಿನೈದು ಸಾವಿರ ರೂಪಾಯಿಗಳಿಂದ ಮೊದಲಾಗಿ ಲಕ್ಷಗಳವರೆಗೂ ಏರುತ್ತದೆ. ಕೊಂಡು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಲಡಿಯಲ್ಲಿ ಕಿರಕಿರ ಶಬ್ದ ಆರಂಭವಾಗುತ್ತದೆ, ಷಾಪಿನವನು “ಬಿ.ಬಿ. ಹೋಗಿದೆ ಸ್ವಾಮಿ, ಹೊಸದು ಹಾಕಬೇಕು” ಎನ್ನುತ್ತಾನೆ, ಹಾಕಿದ ಹೊಸದು ಮುಂದಿನ ಮಳೆಗಾಲಕ್ಕೆ ಮತ್ತೆ ಹೋಗುತ್ತದೆ. ಖರ್ಚಿನ ಮಾತು ಹಾಗಿರಲಿ. ಇಳಿಜಾರಿನಲ್ಲಿ ಸವಾರನು ಸೀಟಿನಿಂದೆದ್ದು ಮೈಭಾರವನ್ನೆಲ್ಲ ಪೆಡಲುಗಳ ಮೇಲೆ ಬಿಟ್ಟಿರುವಾಗ ಕ್ರಾಂಕು ಕಳಚಿದರೆ ಅಥವಾ ಅಚ್ಚು ತುಂಡಾದರೆ, ಉದುರುವುದು ಹುಡುಗನ ಹಲ್ಲು, ಮುರಿಯುವುದು ಅವನ ತೋಳು. ಆದುದರಿಂದ ಈ ಅಂಗದ ಬಾಳಿಕೆಯ ವಿಚಾರವನ್ನು ಮನೆಯ ಹಿರಿಯರು ತಕ್ಕಮಟ್ಟಿಗೆ ತಿಳಿದಿರುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಹಳೆಯ ಬೈಸಿಕಲ್ಲಿನ ಬಿ.ಬಿ.ಯನ್ನು ಮರದ ನೆರಳಿನಲ್ಲಿ ಕುಳಿತು ಬಿಚ್ಚುವುದನ್ನು ನಮ್ಮಲ್ಲಿ ಅನೇಕರು ನೋಡಿಯೇ ಇರುತ್ತಾರೆ. ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೆಗೆದು, ಕ್ರಾಂಕುಗಳನ್ನು ಕಳಚಿ, ಎಡಗಡೆಯ ಬಟ್ಟಲನ್ನು ತಿರುಗಿಸಿ ಬಿಚ್ಚಿದರೆ ಒಳಗಿನ ಗುಂಡುಗಳು ಕರಿಯ ಗ್ರೀಸಿನೊಡನೆ ತಗಡಿನ ತಟ್ಟೆಗೆ ಬೀಳುತ್ತವೆ. ಕಡೆಗೆ ಹನ್ನೊಂದರಂತೆ ಇಪ್ಪತ್ತೆರಡು, ಒಂದೊಂದೂ ಕಾಲಂಗುಲ. ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು, ಬಟ್ಟಲಿಗೆ ಹೊಸ ಗ್ರೀಸು ಮೆತ್ತಿ, ಗುಂಡುಗಳನ್ನು ಒಂದೊಂದಾಗಿ ಸುತ್ತಲೂ ಕೂರಿಸಿ ಮುಚ್ಚಿದರೆ ಕೆಲಸ ಮುಗಿಯಿತು. ಗುಂಡು ಸವೆದಿದ್ದರೆ ಗುಂಡನ್ನು, ಬಟ್ಟಲು ಸವೆದಿದ್ದರೆ ಬಟ್ಟಲನ್ನು, ಅಚ್ಚು ಸವೆದಿದ್ದರೆ ಅಚ್ಚನ್ನು ಬೇರೆ ಬೇರೆಯಾಗಿ ಬದಲಾಯಿಸಬಹುದು. ಸಡಿಲವಾಗಿದ್ದರೆ ಬಟ್ಟಲನ್ನು ಕಾಲುಸುತ್ತು ಒಳಕ್ಕೆ ತಿರುಗಿಸಿದರಾಯಿತು. ಕೆಲವು ಇಂಗ್ಲಿಷ್ ಬೈಸಿಕಲ್ಲುಗಳಲ್ಲಿ ಗೂಡಿನ ಮೇಲೆಯೇ ಎಣ್ಣೆ ಬಿಡಲು ಒಂದು ಚಿಕ್ಕ ತೂತೂ ಅದಕ್ಕೊಂದು ಮುಚ್ಚಳವೂ ಇರುತ್ತಿದ್ದುವು. ಅದು ಮುಗಿಯದ ಆಯುಸ್ಸಿನ ಯಂತ್ರವೇನೂ ಆಗಿರಲಿಲ್ಲ. ಕೆಟ್ಟಾಗ ಸರಿಪಡಿಸಬಹುದಾಗಿದ್ದ ಯಂತ್ರವಾಗಿತ್ತು. ಈ ಎರಡರ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗುಂಡಿನ ಬೇರಿಂಗೆಂಬುದು ಬೈಸಿಕಲ್ಲಿನ ಜತೆಯಲ್ಲಿಯೇ ಬೆಳೆದ ವಸ್ತು. ಪ್ಯಾರಿಸಿನ ಜೂಲ್ ಸೂರಿರೇ ಎಂಬಾತನು ೧೮೬೯ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸಿನಿಂದ ರುವಾನ್ ನಗರದವರೆಗೆ ನಡೆದ ಪಂದ್ಯವನ್ನು ಜೇಮ್ಸ್ ಮೂರ್ ಎಂಬ ಸವಾರನು ಗೆದ್ದುದು ಇಂಥ ಬೇರಿಂಗುಗಳುಳ್ಳ ಬೈಸಿಕಲ್ಲಿನ ಮೇಲೆ. ಆಮೇಲೆ ೧೮೮೩ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಎಂಬ ಊರಿನಲ್ಲಿ ಫ್ರೀಡ್ರಿಕ್ ಫಿಷರನು ಉಕ್ಕಿನ ಗುಂಡುಗಳನ್ನು ಒಂದೇ ಗಾತ್ರಕ್ಕೆ ಅರೆಯುವ ಯಂತ್ರವನ್ನು ನಿರ್ಮಿಸಿದನು. ಇಂಗ್ಲೆಂಡಿನಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬೈಸಿಕಲ್ಲು ೧೮೮೫ರಲ್ಲಿ ಹೊರಬಂದಿತು. ಅಲ್ಲಿಯವರೆಗೂ ದೊಡ್ಡ ಮುಂಚಕ್ರಕ್ಕೆ ಅಂಟಿಕೊಂಡಿದ್ದ ಪೆಡಲುಗಳು ಇಂಥ ಬೈಸಿಕಲ್ಲುಗಳಲ್ಲಿ ಚೌಕಟ್ಟಿನ ನಡುವಿಗೆ ಇಳಿದುವು, ಚೈನು ಹಿಂದಿನ ಚಕ್ರವನ್ನು ಎಳೆಯತೊಡಗಿತು. ಬಿ.ಬಿ.ಗೆ ಈಗಿನ ಸ್ಥಾನ ದೊರೆತುದು ಹೀಗೆ.

ಈ ಏರ್ಪಾಡು ಒಳ್ಳೆಯ ರಸ್ತೆಯ ಮೇಲೆ ಬಹುಕಾಲ ನಿಶ್ಚಿಂತೆಯಿಂದ ನಡೆಯಿತು. ಕೆಟ್ಟ ರಸ್ತೆಯನ್ನೇ ಹುಡುಕಿಕೊಂಡು ಹೋಗುವ ಸವಾರರು ಹುಟ್ಟಿದ ಮೇಲೆ ತೊಂದರೆ ಪ್ರಾರಂಭವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಗುಡ್ಡಗಾಡು ಜಿಲ್ಲೆಯಿದೆ. ೧೯೭೦ರ ದಶಕದಲ್ಲಿ ಅಲ್ಲಿಯ ಕೆಲವು ಯುವಕರು ಹಳೆಯ ದಪ್ಪ ಟೈರಿನ ಶ್ವಿನ್ ಬೈಸಿಕಲ್ಲುಗಳನ್ನು ಅಗ್ಗವಾಗಿ ಕೊಂಡು, ಬೆಟ್ಟದ ಮೇಲಕ್ಕೆ ಒಯ್ದು, ಅಲ್ಲಿಂದ ಮಣ್ಣುದಾರಿಯಲ್ಲಿ ಕೆಳಕ್ಕೆ ಬಿಡುವ ಹುಚ್ಚನ್ನು ಹಚ್ಚಿಕೊಂಡರು. ೧೯೭೬ರ ಅಕ್ಟೋಬರ್ ೨೧ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅವರ ಮೊದಲ ಪಂದ್ಯ ನಡೆಯಿತು. ಆ ದಾರಿ ಸುಮಾರು ಎರಡು ಮೈಲಿಗಳಲ್ಲಿ ೧೩೦೦ ಅಡಿ ಇಳಿಯುತ್ತದೆ. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯತಕ್ಕ ಹಳೆಯ ಬ್ರೇಕು ಒಂದೇ ಇಳಿತದಲ್ಲಿ ಎಷ್ಟು ಕಾಯುತ್ತಿತ್ತೆಂದರೆ, ಹಬ್ಬಿನೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ ಮತ್ತೆ ತುಂಬಬೇಕಾಗುತ್ತಿತ್ತು. ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಎನ್ನುತ್ತಾರಷ್ಟೆ. ಆ ದಾರಿಗೂ ಪಂದ್ಯಕ್ಕೂ ಅದೇ ಹೆಸರಾಯಿತು. ಬೆಟ್ಟದ ಬೈಸಿಕಲ್ಲಿನ ಚರಿತ್ರೆ ಸುಟ್ಟ ಗ್ರೀಸಿನಿಂದಲೇ ಮೊದಲಾಯಿತೆಂಬುದು ಸ್ವಾರಸ್ಯವಾದ ಸಂಗತಿ.

ಆ ಗುಂಪಿನ ಜೋ ಬ್ರೀಜ್ ಎಂಬಾತನು ೧೯೭೭ರಲ್ಲಿ ಇದಕ್ಕಾಗಿಯೇ ಹೊಸದೊಂದು ಬೈಸಿಕಲ್ಲನ್ನು ಕಟ್ಟಿದನು. ೧೯೭೯ರಲ್ಲಿ ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ ಎಂಬವರು ಟಾಮ್ ರಿಚಿಯು ಕಟ್ಟಿದ ಚೌಕಟ್ಟುಗಳನ್ನು ಮಾರಲು ತೊಡಗಿದರು. ೧೯೮೧ರಿಂದ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಎಂಬುದು ಅಂಗಡಿಗಳಿಗೆ ಬಂದಿತು. ಬಳಿಕ ೧೯೯೬ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಬೆಟ್ಟದ ಬೈಸಿಕಲ್ಲಿನ ಪಂದ್ಯವೂ ಸೇರಿತು.

ಈಗ ಭಾರದ ವಿಚಾರ. ಒಬ್ಬ ಸವಾರನ ತೂಕ ೭೦ ಕಿಲೋ ಎಂದಿಟ್ಟುಕೊಳ್ಳೋಣ. ಕಡಿದಾದ ಏರಿನಲ್ಲಿ ಅವನು ಎದ್ದು ನಿಂತು ಒಂದು ಪೆಡಲಿನ ಮೇಲೆ ಪೂರ್ತಿ ಭಾರವನ್ನು ಬಿಡುತ್ತಾನೆ. ಕ್ರಾಂಕಿನ ಉದ್ದ ೧೭೫ ಮಿಲಿಮೀಟರ್. ಮುಂದಿನ ಹಲ್ಲುಚಕ್ರಕ್ಕೆ ೩೨ ಹಲ್ಲುಗಳಿದ್ದರೆ, ಚೈನಿನ ಒಂದೊಂದು ಕೊಂಡಿಯೂ ಅರ್ಧ ಅಂಗುಲವಾದುದರಿಂದ, ಆ ಚಕ್ರದ ತ್ರಿಜ್ಯ ಸುಮಾರು ೬೫ ಮಿಲಿಮೀಟರಾಗುತ್ತದೆ. ಸನ್ನೆಗೋಲಿನ ಲೆಕ್ಕದಂತೆ ಚೈನಿನ ಎಳೆತ ೭೦ ಕಿಲೋ ಅಲ್ಲ, ಸುಮಾರು ೧೯೦ ಕಿಲೋ. ಹಳೆಯ ಮೂರು ಹಲ್ಲುಚಕ್ರಗಳ ಬೈಸಿಕಲ್ಲಿನಲ್ಲಿ ಅತ್ಯಂತ ಚಿಕ್ಕದಾದ ೨೨ ಹಲ್ಲಿನ ಚಕ್ರಕ್ಕೆ ಚೈನನ್ನು ಹಾಕಿದರೆ ಎಳೆತ ೨೭೫ ಕಿಲೋವನ್ನು ಮುಟ್ಟುತ್ತದೆ. ಸವಾರನಿಗೆ ಚಿಕ್ಕ ಗೇರು ಹಗುರವೆನ್ನಿಸುತ್ತದೆ, ನಿಜ. ಆದರೆ ಅವನು ಅದರಲ್ಲಿಯೂ ಮೈಭಾರ ಹಾಕಿ ತುಳಿದನೆಂದರೆ ಬಿ.ಬಿ.ಯ ಪಾಲಿಗೆ ಅದೇ ಎಲ್ಲಕ್ಕಿಂತ ಭಾರವಾದ ಗೇರು. ಚೈನಿರುವುದು ಬಲಗಡೆ, ಆದುದರಿಂದ ಈ ಎಳೆತದ ಬಹುಪಾಲನ್ನು ಬಲಗಡೆಯ ಗುಂಡುಗಳೇ ಹೊರಬೇಕು. ಕ್ವಿಂಟಲುಗಟ್ಟಲೆ ಭಾರವನ್ನು ಕಡಲೆಕಾಳಿನಂಥ ಕೆಲವು ಗುಂಡುಗಳು ಹೊರುವುದೆಂದರೆ ಸಾಮಾನ್ಯವೆ?

ವೇಗದ ದೃಷ್ಟಿಯಿಂದ ನೋಡಿದರೆ ಈ ಅಚ್ಚಿಗೆ ಹೆಚ್ಚು ಕಷ್ಟವಿಲ್ಲ. ಗಂಟೆಗೆ ೨೦ ಕಿಲೋಮೀಟರ್ ಓಡುವಾಗ ಚಕ್ರಗಳು ನಿಮಿಷಕ್ಕೆ ಸುಮಾರು ೧೪೫ ಸುತ್ತು ತಿರುಗಿದರೆ, ಕ್ರಾಂಕು ೭೦-೮೦ ಸುತ್ತು ತಿರುಗಬಹುದು. ವಾರಕ್ಕೆ ಐದು ಗಂಟೆ ತುಳಿಯುವವನ ಬಿ.ಬಿ. ವರ್ಷಕ್ಕೆ ಹತ್ತು ಹನ್ನೆರಡು ಲಕ್ಷ ಸುತ್ತು ತಿರುಗುತ್ತದೆ. ಒಳ್ಳೆಯ ಉಕ್ಕಿಗೆ ಇದು ದೊಡ್ಡ ಲೆಕ್ಕವಲ್ಲ. ಇದಕ್ಕಿಂತ ಕೆಟ್ಟದ್ದು ಇಳಿಜಾರಿನ ಪ್ರಯಾಣ. ಆಗ ಸವಾರನು ತುಳಿಯುವುದಿಲ್ಲ. ಕ್ರಾಂಕುಗಳನ್ನು ಮಟ್ಟವಾಗಿ ಹಿಡಿದು ನಿಂತುಬಿಡುತ್ತಾನೆ. ಗುಂಡುಗಳು ಇದ್ದಲ್ಲಿಯೇ ನಿಂತು, ಒಂದೊಂದು ಕಲ್ಲಿಗೂ ಒಂದೊಂದು ಕೊರಕಲಿಗೂ ಸುತ್ತಿಗೆಯಂಥ ಏಟನ್ನು ತಿನ್ನುತ್ತವೆ. ಬಟ್ಟಲಿನಲ್ಲಿ ಸಣ್ಣ ಸಣ್ಣ ಕುಳಿಗಳು ಬಿದ್ದು, ಮುಂದೆ ಕ್ರಾಂಕನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ ಹೆಜ್ಜೆ ಹೆಜ್ಜೆಗೂ ತಡೆದಂತೆ ಆಗುವುದಕ್ಕೆ ಇದೊಂದು ಕಾರಣ.

ಹೀಗಿದ್ದರೂ ಹೆಚ್ಚಿನ ಬಿ.ಬಿ.ಗಳು ಭಾರದಿಂದ ಸಾಯುವುದಿಲ್ಲ; ನೀರಿನಿಂದ ಸಾಯುತ್ತವೆ. ಮಲೆನಾಡಿನ ಆಷಾಢದ ಕೆಂಪು ಕೆಸರಿನಲ್ಲಿ ಒಂದು ದಿನ ಸವಾರಿ ಮಾಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮುಂದಿನ ಚಕ್ರ ಎರಚುವ ಕೆಸರೆಲ್ಲ ನೇರವಾಗಿ ಬಂದು ಬೀಳುವುದು ಈ ಗೂಡಿನ ಮೇಲೆಯೇ. ಅದರಲ್ಲಿರುವ ನುಣ್ಣನೆಯ ಮರಳು ಗ್ರೀಸಿನೊಡನೆ ಬೆರೆತರೆ ಅದು ಗ್ರೀಸಾಗಿ ಉಳಿಯುವುದಿಲ್ಲ, ಸಾಣೆಯ ಪುಡಿಯಾಗುತ್ತದೆ. ಮೇಲಿನಿಂದ ಬರುವ ಶತ್ರು ಇನ್ನೊಂದುಂಟು. ಇದನ್ನು ಬಹುಮಂದಿ ಊಹಿಸುವುದಿಲ್ಲ. ಸೀಟಿನ ಕಂಬದ ಪಕ್ಕದಿಂದ ಇಳಿದ ಮಳೆನೀರು ಕೊಳವೆಯೊಳಗೆ ಹರಿದು ಬಂದು ಗೂಡಿನ ತಳದಲ್ಲಿ ನಿಲ್ಲುತ್ತದೆ. ಹೊರಗೆ ಎಷ್ಟು ಬಿಸಿಲಿದ್ದರೂ ಒಳಗಿನ ನೀರು ಆರುವುದಿಲ್ಲ. ಬೇರಿಂಗು ಒಳಗಡೆಯಿಂದ ತುಕ್ಕು ಹಿಡಿಯುತ್ತದೆ. ಗೂಡಿನ ಅಡಿಯಲ್ಲಿ ಒಂದು ಸಣ್ಣ ತೂತನ್ನು ಬಿಟ್ಟಿರುವ ತಯಾರಕರನ್ನು ನಾವು ಬುದ್ಧಿವಂತರೆನ್ನುತ್ತೇವೆ. ಆ ತೂತಿಗೆ ಕೆಸರು ಮೆತ್ತಿಕೊಳ್ಳದಂತೆ ನೋಡಿಕೊಳ್ಳುವ ಸವಾರರು ಅವರಿಗಿಂತಲೂ ಬುದ್ಧಿವಂತರು. ಇನ್ನು ಮೋಟಾರು ತೊಳೆಯುವ ಜೋರಾದ ನೀರಿನ ಕೊಳವೆಯನ್ನು ತಂದು ಬಿ.ಬಿ.ಯ ಪಕ್ಕಕ್ಕೆ ಹಿಡಿಯುವವರೂ ಇದ್ದಾರೆ. ರಬ್ಬರಿನ ಸೀಲು ಕೆಸರಿನ ಎರಚಲನ್ನು ತಡೆಯಲು ಮಾಡಿದ್ದೇ ಹೊರತು ಯಂತ್ರದ ಒತ್ತಡದ ನೀರನ್ನು ತಡೆಯಲು ಅಲ್ಲ. ಬಕೆಟ್ಟು, ಬಟ್ಟೆ, ಮೆತ್ತನೆಯ ಬ್ರಷ್ಷು, ಇಷ್ಟೇ ಸಾಕು.

ತಯಾರಕರು ಈ ಶತ್ರುಗಳನ್ನು ಎದುರಿಸಲು ಒಂದಾದ ಮೇಲೊಂದು ಉಪಾಯವನ್ನು ಹೂಡಿದರು. ಕಾಟರ್ ಪಿನ್ನಿನ ಬದಲು ಅಚ್ಚಿನ ತುದಿಯನ್ನು ಚೌಕವಾಗಿ, ಸ್ವಲ್ಪ ಮೊನಚಾಗಿ ಕಡೆದು, ಅದರ ಮೇಲೆ ಅಲ್ಯೂಮಿನಿಯಮ್ ಕ್ರಾಂಕನ್ನು ಬಿಗಿಯುವ ಪದ್ಧತಿಯನ್ನು ಫ್ರಾನ್ಸಿನ ಸ್ಟ್ರಾಂಗ್‌ಲೈಟ್ ಕಂಪನಿ ೧೯೩೩ರಲ್ಲಿಯೇ ತಂದಿತ್ತು. ೧೯೯೦ರ ದಶಕದಲ್ಲಿ ಜಪಾನಿನ ಶಿಮಾನೊ ಮೊದಲಾದವರು ಈ ಚೌಕದ ಅಚ್ಚನ್ನೂ ಬೇರಿಂಗುಗಳನ್ನೂ ಒಂದೇ ಮುಚ್ಚಿದ ಕೊಳವೆಯೊಳಗಿಟ್ಟು ವಿಶೇಷವಾಗಿ ಬಳಕೆಗೆ ತಂದರು. ಇದಕ್ಕೆ ಕಾರ್ಟ್ರಿಜ್ ಬಿ.ಬಿ. ಎಂದು ಹೆಸರು. ಎಣ್ಣೆ ಬಿಡಬೇಕಾಗಿಲ್ಲ, ಬಿಗಿ ಸಡಿಲ ನೋಡಬೇಕಾಗಿಲ್ಲ. ಸಾವಿರಾರು ಕಿಲೋಮೀಟರು ಸದ್ದಿಲ್ಲದೆ ದುಡಿಯುತ್ತದೆ. ಕೆಟ್ಟ ದಿನ ಇಡಿಯಾಗಿ ತೆಗೆದೆಸೆದು ಹೊಸದನ್ನು ಹಾಕಬೇಕು. ಭಾರ ಸುಮಾರು ೩೦೦ ಗ್ರಾಂ. ಗೃಹಸ್ಥರ ದೃಷ್ಟಿಯಿಂದ ಇದರಷ್ಟು ನಂಬತಕ್ಕ ಬಿ.ಬಿ. ಮತ್ತೊಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಒಂದು ಎಚ್ಚರಿಕೆ ಮಾತ್ರ ಅವಶ್ಯಕ: ಕ್ರಾಂಕಿನ ಬೋಲ್ಟು ಸಡಿಲವಾಗಿರುವಾಗ ಒಂದೆರಡು ಮೈಲಿ ತುಳಿದರೂ ಮೆತ್ತನೆಯ ಅಲ್ಯೂಮಿನಿಯಮ್ಮಿನ ಚೌಕದ ತೂತು ದುಂಡಗಾಗಿಬಿಡುತ್ತದೆ. ಆಮೇಲೆ ಎಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ; ಕ್ರಾಂಕನ್ನೇ ಬದಲಾಯಿಸಬೇಕು.

ಇಷ್ಟಕ್ಕೆ ನಿಂತಿದ್ದರೆ ಈ ಲೇಖನವೂ ಇಲ್ಲಿಗೇ ನಿಲ್ಲಬಹುದಾಗಿತ್ತು. ಆದರೆ ಎತ್ತರದಿಂದ ಹಾರುವ ಸವಾರರಿಗೆ ಚೌಕದ ಅಚ್ಚಿನ ಬಲ ಸಾಲದೆ ಹೋಯಿತು. ಹಗುರವೂ ಗಡುಸೂ ಆದ ಅಚ್ಚು ಬೇಕೆನ್ನಿಸಿತು. ಅಚ್ಚನ್ನು ದಪ್ಪ ಮಾಡಿ ಒಳಗೆ ಟೊಳ್ಳು ಮಾಡಿದರೆ ಎರಡೂ ಸಿದ್ಧಿಸುತ್ತವೆಂಬುದು ಎಂಜಿನಿಯರುಗಳಿಗೆ ತಿಳಿದ ವಿಷಯವೇ. ಶಿಮಾನೊ ಕಂಪನಿ ೧೯೯೦ರ ದಶಕದ ನಡುವಿನಲ್ಲಿ ಎಂಟು ಗಾಡಿಗಳುಳ್ಳ ದಪ್ಪನೆಯ ಅಚ್ಚನ್ನು ತಂದಿತು. ಅದರ ಪೇಟೆಂಟನ್ನು ಮುಟ್ಟಲಾರದ ಕ್ರಿಸ್ ಕಿಂಗ್, ರೇಸ್ ಫೇಸ್, ಟ್ರುವೇಟಿವ್ ಎಂಬ ಕಂಪನಿಗಳು ಸೇರಿ ಹತ್ತು ಗಾಡಿಗಳ ಐಸಿಸ್ ಎಂಬ ಮಾದರಿಯನ್ನು ಗೊತ್ತುಮಾಡಿದುವು. ಅಚ್ಚು ದಪ್ಪವಾಯಿತು, ಗೂಡು ಮಾತ್ರ ಮೊದಲಿನಷ್ಟೇ ಇದ್ದಿತು. ನಡುವೆ ಉಳಿದ ಇಕ್ಕಟ್ಟಿನಲ್ಲಿ ಗುಂಡುಗಳು ಬಡವಾಗಬೇಕಾಯಿತು.

ಇದರ ಪರಿಣಾಮವನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ. ಗುಂಡು ಹೊರಬಲ್ಲ ಭಾರ ಅದರ ವ್ಯಾಸದ ವರ್ಗವನ್ನು ಸ್ಥೂಲವಾಗಿ ಅನುಸರಿಸುತ್ತದೆ. ವ್ಯಾಸ ಅರ್ಧವಾದರೆ ಒಂದು ಗುಂಡಿನ ಶಕ್ತಿ ಕಾಲುಭಾಗವಾಗುತ್ತದೆ; ಅದೇ ಸುತ್ತಳತೆಯಲ್ಲಿ ಎರಡರಷ್ಟು ಗುಂಡುಗಳು ಹಿಡಿಯುವುದರಿಂದ ಒಟ್ಟು ಶಕ್ತಿ ಅರ್ಧದ ಆಸುಪಾಸಿನಲ್ಲಿ ಉಳಿಯುತ್ತದೆ. ಅರ್ಧವಾಯಿತಲ್ಲವೆ, ಆಯುಸ್ಸೂ ಅರ್ಧವಾಗಬಹುದೆಂದು ತಿಳಿಯಬಾರದು. ಸ್ವೀಡನ್ನಿನ ಆರ್ವಿಡ್ ಪಾಮ್‌ಗ್ರೇನ್ ಎಂಬ ಎಂಜಿನಿಯರು ೧೯೨೪ರಲ್ಲಿ ಪ್ರಕಟಿಸಿದ ನಿಯಮದಂತೆ, ಗುಂಡಿನ ಬೇರಿಂಗಿನ ಆಯುಸ್ಸು ಶಕ್ತಿಗೂ ಭಾರಕ್ಕೂ ಇರುವ ಪ್ರಮಾಣದ ಘನವನ್ನು ಅನುಸರಿಸುತ್ತದೆ. ಶಕ್ತಿ ಅರ್ಧವಾದರೆ ಆಯುಸ್ಸು ಎಂಟರಲ್ಲಿ ಒಂದು ಪಾಲು! ಐಸಿಸ್ ಮಾದರಿಯ ಬಿ.ಬಿ.ಗಳು ಬೇಗನೆ ಕೆಡುತ್ತವೆಂಬ ಅಪಕೀರ್ತಿಯನ್ನು ಪಡೆದುದರಲ್ಲಿ ಆಶ್ಚರ್ಯವಿಲ್ಲ. ತಯಾರಕರು ಒಂದು ಸಾಲಿನ ಬದಲು ಎರಡು ಸಾಲು ಗುಂಡುಗಳನ್ನಿಟ್ಟು ನೋಡಿದರೂ ಆ ಮಾದರಿ ಹೆಚ್ಚು ಕಾಲ ಬಾಳಲಿಲ್ಲ.

ಇಕ್ಕಟ್ಟಿನಿಂದ ಪಾರಾಗುವ ದಾರಿ ೨೦೦೩ರಲ್ಲಿ ಶಿಮಾನೊ ಕಂಪನಿಯ ಎಕ್ಸ್‌ಟಿಆರ್ ಕ್ರಾಂಕಿನಲ್ಲಿ ಕಂಡಿತು. ಗೂಡಿನೊಳಗೆ ಜಾಗವಿಲ್ಲವೆಂದ ಮೇಲೆ ಬೇರಿಂಗುಗಳನ್ನು ಗೂಡಿನ ಹೊರಗೇ ಏಕೆ ಇಡಬಾರದು? ಅಚ್ಚಿನ ವ್ಯಾಸವನ್ನು ೨೪ ಮಿಲಿಮೀಟರಿಗೆ ಏರಿಸಿ, ಅದನ್ನು ಬಲಗಡೆಯ ಕ್ರಾಂಕಿಗೇ ಸೇರಿಸಿ, ಬೇರಿಂಗುಗಳನ್ನು ಗೂಡಿನ ಎರಡು ಪಕ್ಕದಲ್ಲಿಯೂ ಕಿವಿಯ ಓಲೆಗಳಂತೆ ಕೂರಿಸಿದರು. ಬೇರಿಂಗುಗಳ ನಡುವಣ ಅಂತರ ಹೆಚ್ಚಿದುದರಿಂದ ಅಚ್ಚಿನ ಅಲುಗಾಟವೂ ಕಡಿಮೆಯಾಯಿತು. ಬಿಚ್ಚುವುದು, ಕೂರಿಸುವುದು ಬಹಳ ಸುಲಭ. ಆದರೆ ಒಳಗೆ ಬೆಚ್ಚಗಿದ್ದ ಬೇರಿಂಗು ಈಗ ಮಳೆಗೂ ಕೆಸರಿಗೂ ಮೈಯೊಡ್ಡಿ ನಿಂತಂತಾಯಿತು. ಮಳೆಯ ಸೀಮೆಯ ಸವಾರರಲ್ಲಿ ಅನೇಕರು ಹಳೆಯ ಕಾರ್ಟ್ರಿಜ್ಜೇ ಹೆಚ್ಚು ಕಾಲ ಬಂದಿತೆಂದು ಹೇಳುವುದು ಈ ಕಾರಣದಿಂದಲೇ. ಇದನ್ನು ಕೂರಿಸುವಾಗ ಎರಡು ವಿಷಯಗಳನ್ನು ಲಕ್ಷ್ಯದಲ್ಲಿಡಬೇಕು. ಗೂಡಿನ ಎರಡು ಮುಖಗಳೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ಬೇರಿಂಗುಗಳು ಓರೆಯಾಗಿ ನಿಂತು ಹುಟ್ಟಿದಂದಿನಿಂದಲೇ ಸವೆಯತೊಡಗುತ್ತವೆ. ಎರಡನೆಯದಾಗಿ, ಎಡಗಡೆಯ ಪ್ಲಾಸ್ಟಿಕ್ ಮುಚ್ಚಳವನ್ನು ಬೆರಳಿನ ಬಲದಷ್ಟೇ ಬಿಗಿಯಬೇಕು. ಅದರ ಕೆಲಸ ಅಲುಗಾಟವನ್ನು ತೆಗೆಯುವುದು ಮಾತ್ರ. ಕ್ರಾಂಕನ್ನು ಹಿಡಿಯುವುದು ಪಕ್ಕದ ಎರಡು ಬೋಲ್ಟುಗಳು. ಮುಚ್ಚಳವನ್ನು ಬಲವಾಗಿ ಬಿಗಿದು ಬೇರಿಂಗನ್ನು ಹಿಂಡಿ ಕೊಂದ ಷಾಪುಗಳು ಎಷ್ಟೋ ಇವೆ.

ಇದಾದಮೇಲೆ ಬಂದದ್ದು ಒತ್ತಿ ಕೂರಿಸುವ ಬಿ.ಬಿ.ಗಳ ಕಾಲ. ಕಾರ್ಬನ್ ನಾರಿನ ಚೌಕಟ್ಟಿನಲ್ಲಿ ತಿರುಪಿನ ಸುತ್ತುಗಳನ್ನು ಕೊರೆಯುವಂತಿಲ್ಲ. ಅದಕ್ಕಾಗಿ ಲೋಹದ ಬಳೆಯನ್ನು ಅಂಟಿಸಬೇಕು. ಬಳೆಯೂ ಬೇಡ, ಸುತ್ತೂ ಬೇಡ, ಬೇರಿಂಗನ್ನು ನೇರವಾಗಿ ಒತ್ತಿಬಿಟ್ಟರೆ ಭಾರವೂ ಉಳಿಯಿತು, ಖರ್ಚೂ ಉಳಿಯಿತು ಎಂದು ತಯಾರಕರು ಎಣಿಸಿದರು. ೪೧ ಮಿಲಿಮೀಟರಿನ ತೂತು, ೪೨ರ ತೂತು, ೪೬ರ ತೂತು ಎಂದು ಒಬ್ಬೊಬ್ಬರದು ಒಂದೊಂದು ಅಳತೆಯಾಯಿತು. ಅಚ್ಚುಗಳಾದರೋ ೨೪, ೩೦, ೨೦೧೮ರಿಂದ ಸ್ರಾಮ್ ಕಂಪನಿಯ ೨೮.೯೯ ಮಿಲಿಮೀಟರು! ಒಂದು ಊರಿನ ಷಾಪಿನವನು ಇಷ್ಟೊಂದು ಅಳತೆಯ ಸಾಮಾನುಗಳನ್ನು ಹೇಗೆ ಕೊಂಡಿಟ್ಟಾನು? ತೂತು ಪೂರ್ಣ ದುಂಡಗೂ, ಎರಡು ಪಕ್ಕದ ತೂತುಗಳು ಒಂದೇ ರೇಖೆಯಲ್ಲಿಯೂ ಇದ್ದ ಪಕ್ಷದಲ್ಲಿ ಒತ್ತಿದ ಬಿ.ಬಿ. ಚೆನ್ನಾಗಿಯೇ ಬಾಳುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಟ್ಟಲು ಗೂಡಿನಲ್ಲಿ ಅಲುಗಿ, ಒಂದೊಂದು ತುಳಿತಕ್ಕೂ ಕಿರ್ರೆನ್ನುತ್ತದೆ. ಹೊಸ ಬೇರಿಂಗು ಹಾಕಿದರೂ ಆ ಶಬ್ದ ಹೋಗುವುದಿಲ್ಲ, ಏಕೆಂದರೆ ದೋಷವಿರುವುದು ಬೇರಿಂಗಿನಲ್ಲಲ್ಲ, ಚೌಕಟ್ಟಿನಲ್ಲಿ. ಇದಕ್ಕೆ ಪ್ರತಿಯಾಗಿ ಎರಡು ಬಟ್ಟಲುಗಳನ್ನೂ ಗೂಡಿನ ನಡುವೆ ಒಂದಕ್ಕೊಂದು ತಿರುಪಿ ಜೋಡಿಸುವ ಬಿ.ಬಿ.ಗಳು ಬಂದಿವೆ, ಕಿರುಗುಟ್ಟುವ ಚೌಕಟ್ಟುಳ್ಳವರಿಗೆ ಅವೇ ಗತಿ.

ಕಡೆಗೆ ೨೦೧೫ರಲ್ಲಿ ಕ್ರಿಸ್ 

ಕಿಂಗ್ ಮತ್ತು ಆರ್ಗೊನಾಟ್ ಎಂಬ ಅಮೆರಿಕದ ಕಂಪನಿಗಳು ೪೭ ಮಿಲಿಮೀಟರ್ ವ್ಯಾಸದ ದೊಡ್ಡ ಗೂಡಿಗೆ ತಿರುಪಿನ ಸುತ್ತನ್ನು ಕೊರೆದು ಟಿ-೪೭ ಎಂಬ ಮಾದರಿಯನ್ನು ಹೊರತಂದುವು. ಬೆಟ್ಟದ ಬೈಸಿಕಲ್ಲುಗಳಲ್ಲಿಯೂ ಹಲವು ತಯಾರಕರು ಒತ್ತುವ ಪದ್ಧತಿಯನ್ನು ಬಿಟ್ಟು ೭೩ ಮಿಲಿಮೀಟರ್ ಅಗಲದ ಹಳೆಯ ತಿರುಪಿನ ಗೂಡಿಗೇ ಹಿಂದಿರುಗಿದ್ದಾರೆ. ಸಾಂಟಾ ಕ್ರೂಜ್ ಕಂಪನಿಯಂತೂ ಇತರರು ಬಿಟ್ಟ ಕಾಲದಲ್ಲಿಯೂ ಅದನ್ನು ಬಿಟ್ಟಿರಲಿಲ್ಲ.

ಬಾಳಿಕೆಯ ಮಾತಾಯಿತು; ಕೆಲಸದ ನಯದ ವಿಚಾರವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಬಲವಾಗಿ ತುಳಿಯುವ ಸವಾರನ ಶಕ್ತಿ ಇನ್ನೂರೈವತ್ತು ವಾಟ್ ಎಂದಿಟ್ಟುಕೊಂಡರೆ, ಒಳ್ಳೆಯ ಬಿ.ಬಿ. ತಿನ್ನುವುದು ಒಂದೆರಡು ವಾಟ್‌ಗಿಂತ ಹೆಚ್ಚಲ್ಲ. ಎಣ್ಣೆ ಕಾಣದ ಕೊಳಕು ಚೈನು ಇದಕ್ಕಿಂತ ಎಷ್ಟೋ ಹೆಚ್ಚನ್ನು ನುಂಗುತ್ತದೆ. ಆದುದರಿಂದ ಪಿಂಗಾಣಿಯ ಜಾತಿಯ ಸಿಲಿಕಾನ್ ನೈಟ್ರೈಡ್ ಗುಂಡುಗಳಿಗೆ ಹಲವು ಪಟ್ಟು ಬೆಲೆ ತೆರುವುದು ಬೆಟ್ಟದ ಸವಾರನಿಗೆ ವ್ಯರ್ಥವೆಂದೇ ನಾವು ಹೇಳುತ್ತೇವೆ; ಅಂಥ ಗುಂಡಿಗೆ ತುಕ್ಕಿಲ್ಲವಾದರೂ ಅದು ಓಡುವ ಉಕ್ಕಿನ ಹಾದಿಗೆ ತುಕ್ಕು ತಪ್ಪಿದ್ದಲ್ಲ. ಅಂಗಡಿಯಲ್ಲಿ ಕ್ರಾಂಕನ್ನು ಗಿರ್ರನೆ ತಿರುಗಿಸಿ ಎಷ್ಟು ಹೊತ್ತು ತಿರುಗಿತೆಂದು ತೋರಿಸುವುದೂ ಮೋಸದ ಪರೀಕ್ಷೆಯೇ. ಗ್ರೀಸಿಲ್ಲದ, ಸೀಲು ಹರಿದ ಬೇರಿಂಗು ಬಹಳ ಹೊತ್ತು ತಿರುಗುತ್ತದೆ; ಗ್ರೀಸು ತುಂಬಿದ ಹೊಸ ಬೇರಿಂಗು ಒಂದೆರಡು ಸುತ್ತಿಗೆ ನಿಲ್ಲುತ್ತದೆ. ಕೆಸರಿನಲ್ಲಿ ಬಾಳುವುದು ಎರಡನೆಯದೇ.

ಮನೆಯಲ್ಲಿಯೇ ಪರೀಕ್ಷಿಸುವ ಕ್ರಮ ಹೀಗೆ. ಚೈನನ್ನು ಮುಂದಿನ ಹಲ್ಲುಚಕ್ರದಿಂದ ಇಳಿಸಿ, ಕ್ರಾಂಕನ್ನು ಬಹಳ ಮೆಲ್ಲಗೆ ತಿರುಗಿಸಬೇಕು. ಒಳಗೆ ಮರಳು ಅರೆದಂತೆ ಕೈಗೆ ತಿಳಿದರೆ ಬೇರಿಂಗಿನ ಕಾಲ ಮುಗಿಯಿತೆಂದರ್ಥ. ಆಮೇಲೆ ಕ್ರಾಂಕನ್ನು ಹಿಡಿದು ಚೌಕಟ್ಟಿನ ಕಡೆಗೂ ಹೊರಕ್ಕೂ ಅಲ್ಲಾಡಿಸಬೇಕು. ಎರಡು ಕ್ರಾಂಕುಗಳೂ ಒಟ್ಟಿಗೆ ಅಲುಗಿದರೆ ಬಿ.ಬಿ. ಸಡಿಲವಾಗಿದೆ, ಒಂದೇ ಅಲುಗಿದರೆ ಆ ಕ್ರಾಂಕಿನ ಬೋಲ್ಟು ಮಾತ್ರ ಸಡಿಲವಾಗಿದೆ. ಎಷ್ಟೋ ಬಾರಿ ಕಿರಕಿರಕ್ಕೆ ಬಿ.ಬಿ. ಕಾರಣವೇ ಆಗಿರುವುದಿಲ್ಲ, ಪೆಡಲಿನ ಸುತ್ತು, ಸೀಟಿನ ಕಂಬ, ಹಲ್ಲುಚಕ್ರದ ಬೋಲ್ಟು, ಇವುಗಳಲ್ಲೊಂದು ಗ್ರೀಸಿಲ್ಲದೆ ಕೂಗುತ್ತಿರುತ್ತದೆ. ಎದ್ದು ನಿಂತು ತುಳಿದಾಗ ಶಬ್ದ ನಿಂತರೆ ಸೀಟನ್ನು ನೋಡಬೇಕು. ಹೊಸ ಬಿ.ಬಿ.ಗೆ ದುಡ್ಡು ಕೊಡುವ ಮೊದಲು ಈ ಮೂರು ನಾಲ್ಕು ಸ್ಥಳಗಳಿಗೆ ಒಂದಿಷ್ಟು ಗ್ರೀಸು ಹಚ್ಚಿ ನೋಡುವುದು ಲೇಸು.

ಸ್ವತಃ ಬಿಚ್ಚಲು ಹೊರಡುವ ಉತ್ಸಾಹಿಗಳಿಗೆ ಒಂದು ವಿಷಯ ಹೇಳಲೇಬೇಕು. ಸಾಮಾನ್ಯವಾದ ಇಂಗ್ಲಿಷ್ ಮಾದರಿಯ ಗೂಡಿನಲ್ಲಿ ಬಲಗಡೆಯ ಬಟ್ಟಲಿನ ಸುತ್ತು ತಿರುವುಮುರುವಾಗಿರುತ್ತದೆ. ಲೋಕದ ಎಲ್ಲ ತಿರುಪುಗಳನ್ನೂ ಅಪ್ರದಕ್ಷಿಣವಾಗಿ ಬಿಚ್ಚಿದರೆ ಇದನ್ನು ಪ್ರದಕ್ಷಿಣವಾಗಿ ಬಿಚ್ಚಬೇಕು. ಇದು ಯಾರದೋ ಚೇಷ್ಟೆಯಲ್ಲ. ಮುಷ್ಟಿಯನ್ನು ಸಡಿಲವಾಗಿ ಮಡಿಸಿ ಅದರೊಳಗೆ ಒಂದು ಪೆನ್ಸಿಲನ್ನಿಟ್ಟು, ಪೆನ್ಸಿಲನ್ನು ಮುಷ್ಟಿಯ ಒಳಗೋಡೆಗೆ ಒತ್ತಿ ಸುತ್ತಲೂ ಪ್ರದಕ್ಷಿಣವಾಗಿ ಉರುಳಿಸಿದರೆ, ಪೆನ್ಸಿಲು ತನ್ನಷ್ಟಕ್ಕೆ ಅಪ್ರದಕ್ಷಿಣವಾಗಿ ತಿರುಗುವುದನ್ನು ಕಾಣಬಹುದು. ಗೂಡಿನಲ್ಲಿ ಬಟ್ಟಲಿನ ಗತಿಯೂ ಇದೇ. ಸುತ್ತುವ ಭಾರದ ಒತ್ತಡದಿಂದ ಬಲಗಡೆಯ ಬಟ್ಟಲು ಅಪ್ರದಕ್ಷಿಣವಾಗಿ ಮೆಲ್ಲಮೆಲ್ಲನೆ ತೆವಳಲು ನೋಡುತ್ತದೆ. ಸುತ್ತು ತಿರುವುಮುರುವಾಗಿದ್ದರೆ ಆ ತೆವಳುವಿಕೆ ಬಟ್ಟಲನ್ನು ಬಿಗಿಯುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಇಟಲಿಯ ಮಾದರಿಯಲ್ಲಿ ಎರಡು ಕಡೆಯೂ ಸಾಮಾನ್ಯ ಸುತ್ತೇ ಇರುವುದರಿಂದ ಬಲಗಡೆಯದನ್ನು ಬಹಳ ಬಿಗಿಯಾಗಿ ಕೂರಿಸದಿದ್ದರೆ ಅದು ಕಳಚುವ ಭಯವುಂಟು. ಇದನ್ನು ತಿಳಿಯದೆ ಉದ್ದನೆಯ ಸ್ಪ್ಯಾನರು ಹಿಡಿದು, ಬಿಚ್ಚುತ್ತಿದ್ದೇವೆಂಬ ಭ್ರಮೆಯಲ್ಲಿ ಇನ್ನಷ್ಟು ಬಿಗಿದು, ಕೊನೆಗೆ ಚೌಕಟ್ಟಿನ ಸುತ್ತನ್ನೇ ಕೆಡಿಸಿದವರುಂಟು. ಬಿ.ಬಿ. ಹೋದರೆ ನೂರುಗಳಲ್ಲಿ ಮುಗಿಯಬಹುದು. ಚೌಕಟ್ಟು ಹೋದರೆ ಬೈಸಿಕಲ್ಲೇ ಹೋದಂತೆ.

ಹೊಸ ಬೈಸಿಕಲ್ಲನ್ನು ಕೊಳ್ಳುವವರು ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಬಿ.ಬಿ. ತಿರುಪಿನದೋ, ಒತ್ತಿದ್ದೋ? ಇತರ ಗುಣಗಳು ಸಮವಾಗಿದ್ದರೆ ತಿರುಪಿನದನ್ನೇ ಆರಿಸಿಕೊಳ್ಳಬೇಕೆಂದು ನಮ್ಮ ಸಲಹೆ. ಅದರಲ್ಲಿಯೂ ಮಗನು ಶಾಲೆಗೂ ಹತ್ತಿರದ ಗುಡ್ಡಕ್ಕೂ ಮಾತ್ರ ಹೋಗುವವನಾದರೆ ಚೌಕದ ಅಚ್ಚಿನ ಕಾರ್ಟ್ರಿಜ್ಜೇ ಸಾಕು. ಎತ್ತರದಿಂದ ಹಾರುವ ಹವ್ಯಾಸವಿದ್ದರೆ ಮಾತ್ರ ೨೪ ಮಿಲಿಮೀಟರಿನ ಅಚ್ಚುಳ್ಳದ್ದು ಬೇಕು. ಕೊಂಡ ದಿನವೇ ಅದರ ಅಳತೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದೆ ಬೇರೆ ಊರಿನಿಂದ ತರಿಸುವಾಗ ಅನುಕೂಲವಾಗುತ್ತದೆ. ತಿರುಪಿನ ಬಟ್ಟಲುಗಳ ಹೊರಮೈಯಲ್ಲಿ ಅನೇಕವೇಳೆ ಅಳತೆಯನ್ನು ಕೆತ್ತಿರುತ್ತಾರೆ: ೧.೩೭ × ೨೪ ಎಂದಿದ್ದರೆ ಇಂಗ್ಲಿಷ್ ಮಾದರಿ, ೩೬ × ೨೪ ಎಂದಿದ್ದರೆ ಇಟಲಿಯದು. ಗೂಡಿನ ಅಗಲ ೬೮ ಮಿಲಿಮೀಟರೋ ೭೩ ಮಿಲಿಮೀಟರೋ ಎಂಬುದನ್ನು ಮಾತ್ರ ಅಳತೆಗೋಲನ್ನು ಹಿಡಿದು ನಾವೇ ನೋಡಿ ಬರೆದುಕೊಳ್ಳಬೇಕು.